ಗಿಳಿಪಾಠ ಒಪ್ಪದ ಕಾರಂತಜ್ಜ

ಹೇಳಿಕೊಟ್ಟದ್ದನ್ನೇ ಒಪ್ಪಿಸಿದರೆ ಗಿಳಿಪಾಠ. ಮುಂದಿನವ ಹೋದ ಅಂತ ಹಿಂದೆ ಹೋದರೆ ಕುರಿಮಂದೆ. ಇಂಟರ್ನಲ್ಸ್‌ನ ಹಿಂದಿನ ರಾತ್ರಿ ಎರಡೂ ನಾವೇ, ಬಿಡಿ. ಇಡೀ ದೇಶವನ್ನೇ ಹಾಗೆ ಮಾಡುವವರ ಬಗ್ಗೆ ಜಾರ್ಜ್ ಆರ್ವೆಲ್ 1945ರಲ್ಲಿ ‘ಅನಿಮಲ್ ಫಾರ್ಮ್’ ಪ್ರಕಟಿಸಿದರು. ಅದರಲ್ಲಿ ಹಂದಿಗಳು ಆಳುತ್ತವೆ, ಕುರಿಗಳು ಘೋಷಣೆ ಕೂಗುತ್ತವೆ. ಆರ್ವೆಲ್‌ಗಿಂತ ಕೆಲವೇ ತಿಂಗಳು ದೊಡ್ಡವರಾದ, ನಮ್ಮ ಪುತ್ತೂರಿನಲ್ಲೇ ದಶಕಗಳ ಕಾಲ ಬದುಕಿದ ಶಿವರಾಮ ಕಾರಂತರು ಪ್ರಾಣಿಗಳಿಗೆ ಇಂಥ ವೇಷ ಹಾಕಿಸಲಿಲ್ಲ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. (ಇದನ್ನು ಯಾರೂ ಮನೆಯಲ್ಲಿ ಉದಾಹರಣೆ ಕೊಡಬೇಡಿ ಮಾರಾಯ್ರೆ.) ಆಮೇಲೆ ಪುತ್ತೂರಿಗೆ ಬಂದು ಪರ್ಲಡ್ಕದಲ್ಲಿ ಬಾಲವನ ಕಟ್ಟಿದರು. ಬಾಯಿಪಾಠ ಅವರಿಗೆ ಆಗುತ್ತಿರಲಿಲ್ಲ. ಮಕ್ಕಳು ಆಟ, ನಾಟಕ, ಕುಣಿತದಿಂದ ಕಲಿಯಬೇಕು ಅನ್ನುವುದು ಅವರ ಹಠ. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದರು. ಆ ಮಕ್ಕಳ ಬಾಯಲ್ಲಿ ಅವರು ಕಾರಂತಜ್ಜ ಆದರು.

1933ರ ‘ಚೋಮನ ದುಡಿ’ಯಲ್ಲಿ ಚೋಮನ ಹತ್ತಿರ ಜೋಡಿ ಎತ್ತು ಉಂಟು. ಆದರೆ ಅಸ್ಪೃಶ್ಯ ಅನ್ನುವ ಕಾರಣಕ್ಕೆ ಸ್ವಂತ ಬೇಸಾಯ ಮಾಡುವ ಹಾಗಿಲ್ಲ. ನಮಗೆ ಇಲ್ಲಿ ಆರ್ವೆಲ್‌ಗಿಂತ ಕಾರಂತರೇ ಹೆಚ್ಚು ತಟ್ಟುತ್ತಾರೆ. ಹಂದಿಯೊಂದು ಎರಡು ಕಾಲಲ್ಲಿ ನಡೆದರೆ ಅದು ಕಥೆ ಅಂತ ತಿಳಿಯುತ್ತದೆ. ಚೋಮನ ಎತ್ತುಗಳು ಸುಮ್ಮನೆ ಮೇಯುತ್ತವೆ, ಮೆಲುಕು ಹಾಕುತ್ತವೆ. ನೊಗ ಹೊರುವ ಎತ್ತು ಇದ್ದರೂ ಉಳುವ ಹಕ್ಕು ಮನುಷ್ಯನಿಗಿಲ್ಲ. ಹಾಗಾದರೆ ನಿಜವಾದ ನೊಗ ಯಾರ ಹೆಗಲ ಮೇಲೆ? ಚೋಮನಾದರೂ ಧಣಿಗಳ ಮಾತು ಮೀರುವುದು ಪಾಪ ಅಂತಲೇ ನಂಬಿಕೊಂಡು ಬೆಳೆದವ. ತಲೆಮಾರುಗಳಿಂದ ಕಲಿಸಿದ ಗಿಳಿಪಾಠ ಅದು. ಸುಳ್ಯ, ಸುಬ್ರಹ್ಮಣ್ಯದ ಕಡೆಯ ಕಾಡಿನ ಕಥೆ ‘ಬೆಟ್ಟದ ಜೀವ’ದಲ್ಲೂ ಹುಲಿ ಬರುತ್ತದೆ. ಅದು ದನ ಹಿಡಿಯುವ ಹುಲಿ, ಯಾವ ರಾಜನ ಸಂಕೇತವೂ ಅಲ್ಲ.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂತು. ಕಾಕತಾಳೀಯ ನೋಡಿ, ಅದು ಆರ್ವೆಲ್ ಹುಟ್ಟಿದ ದಿನ. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧಿಸಿದವರಿಗೆ ಜೈಲು. ಹುಲಿ-ನರಿಯ ಕಥೆ ಹೇಳಿ ಜಾಣತನದಿಂದ ಪಾರಾಗಬಹುದಾದ ಕಾಲ. ಎಪ್ಪತ್ತು ದಾಟಿದ್ದ ಕಾರಂತರು ಹಾಗೆ ಮಾಡದೆ, 1968ರಲ್ಲಿ ಬಂದಿದ್ದ ಪದ್ಮಭೂಷಣವನ್ನು ಸರ್ಕಾರಕ್ಕೇ ವಾಪಸ್ ಕೊಟ್ಟರು. ಅಷ್ಟೇ. ರೂಪಕವೂ ಇಲ್ಲ, ಅಡ್ಡಮಾತೂ ಇಲ್ಲ. ಅದೇ 1975ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ‘ಚೋಮನ ದುಡಿ’ ಸಿನಿಮಾ ಆಯಿತು, ಆ ವರ್ಷದ ಅತ್ಯುತ್ತಮ ಚಿತ್ರ ಎಂದು ಸ್ವರ್ಣ ಕಮಲ ಪಡೆಯಿತು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂದದ್ದು ಆಮೇಲೆ.

ವಯಸ್ಸಾದಂತೆ ಅಜ್ಜ ಮೆತ್ತಗಾಗಲಿಲ್ಲ. ಕೈಗಾ ಅಣುಸ್ಥಾವರ ಬೇಡ ಎಂದು ಹೋರಾಡಿ, 1989ರಲ್ಲಿ 87ನೇ ವಯಸ್ಸಿಗೆ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಸೋತರು. ಈ ವಿಷಯಕ್ಕೆ ನಮ್ಮ ಕ್ಲಬ್ಬಿನಲ್ಲಿ ಈಗಲೂ ಜಗಳ. ಎಲೆಕ್ಟ್ರಿಕಲ್ ಬ್ರಾಂಚಿನವರಂತೂ ಅಜ್ಜನನ್ನು ಒಪ್ಪುವುದೇ ಇಲ್ಲ. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಕೈಗಾದಲ್ಲಿ ವಾಣಿಜ್ಯ ಉತ್ಪಾದನೆ ಶುರುವಾದದ್ದು 2000ದಲ್ಲಿ.