ವಿದ್ಯಾರಣ್ಯರು: ಮಂತ್ರಿಗಿರಿಯಿಂದ ಮುಕ್ತಿಯ ಹಾದಿಗೆ

ಮೊಲವೊಂದು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋಯಿತಂತೆ. ಹಕ್ಕಬುಕ್ಕರು ಬೆರಗಾಗಿ ಗುರುಗಳ ಬಳಿ ಹೋದರಂತೆ. ಅದು ವೀರಭೂಮಿ, ಅಲ್ಲೇ ಊರು ಕಟ್ಟಿ ಎಂದು ಗುರುಗಳು ಅಪ್ಪಣೆ ಕೊಟ್ಟರಂತೆ. ಈ ಕಥೆ ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಎರಡೂ ಭಾಷೆಯನ್ನಾಡುವ ಮಡಕಶಿರ, ರಾಯದುರ್ಗದ ಜನರಿಗಂತೂ ವಿಜಯನಗರ ದೂರದ ಮಾತಲ್ಲ. ಪಕ್ಕದ ಪೆನುಕೊಂಡವೇ 1565 ರ ತಾಳಿಕೋಟೆ ಯುದ್ಧದ ನಂತರ ಅದರ ರಾಜಧಾನಿಯಾಗಿತ್ತು.

ಕಥೆಯ ಆ ಗುರುಗಳೇ ವಿದ್ಯಾರಣ್ಯರು. ರಾಜ್ಯ ಕಟ್ಟಿಸಿದವರು ಎಂದು ಅವರು ಮನೆಮಾತಾಗಿದ್ದಾರೆ. ಆದರೆ ಅವರ ಬದುಕಿನ ನಿಜವಾದ ಪ್ರಶ್ನೆ ಬೇರೆಯೇ. ಹೆಂಡತಿ ಮಕ್ಕಳು, ಹೊಲ ಮನೆ, ಪೂಜೆ ಪುನಸ್ಕಾರ ಎಂದು ಕರ್ತವ್ಯದಲ್ಲಿ ಮುಳುಗಿದವನಿಗೆ ಮೋಕ್ಷ ಉಂಟೋ ಇಲ್ಲವೋ? ಎಲ್ಲವನ್ನೂ ಬಿಟ್ಟು ಹೊರಟವನಿಗೆ ಮಾತ್ರವೇ ಅದು? ಈ ಪ್ರಶ್ನೆಯ ಎರಡೂ ದಡದಲ್ಲಿ ನಿಂತು ಬರೆದವರು ಅವರು.

ಸನ್ಯಾಸಕ್ಕೆ ಮೊದಲು ಅವರ ಹೆಸರು ಮಾಧವ. ತಂದೆ ಮಾಯಣ, ತಾಯಿ ಶ್ರೀಮತಿ. ಸಾಯಣ ಮತ್ತು ಭೋಗನಾಥ ತಮ್ಮಂದಿರು. ಭಾರದ್ವಾಜ ಗೋತ್ರ, ಬೋಧಾಯನ ಸೂತ್ರ, ಯಜುರ್ವೇದದ ಮನೆತನ. ವಿದ್ಯಾತೀರ್ಥರು, ಭಾರತೀತೀರ್ಥರು ಅವರಿಗೆ ಗುರುಗಳು. 1356 ರಿಂದ 1377 ರವರೆಗೆ ಆಳಿದ ಒಂದನೇ ಬುಕ್ಕರಾಯನ ಆಸ್ಥಾನದಲ್ಲಿ ಮಾಧವಾಚಾರ್ಯರಿಗೆ ಮಂತ್ರಿಯ, ಕುಲಗುರುವಿನ ಸ್ಥಾನವಿತ್ತು. ಆಗ ಮಾಧವ ಎಂಬ ಹೆಸರಿನವರು ಹಲವರಿದ್ದರು. ಗೋವೆಯನ್ನು ಆಳಿದ ಮಾಧವ ಮಂತ್ರಿಯೇ ಬೇರೆ. ಹೀಗಾಗಿ ಮಾಧವಾಚಾರ್ಯರು ಮತ್ತು ವಿದ್ಯಾರಣ್ಯರು ಒಬ್ಬರೇ ಹೌದೇ ಎಂದು ಅನುಮಾನಪಟ್ಟ ವಿದ್ವಾಂಸರೂ ಇದ್ದಾರೆ. ಶೃಂಗೇರಿಯ ಪರಂಪರೆ ಮಾತ್ರ ಇಬ್ಬರೂ ಒಬ್ಬರೇ ಎನ್ನುತ್ತದೆ.

ಗೃಹಸ್ಥ ಮಾಧವರು ಬರೆದದ್ದು ಕರ್ತವ್ಯದ ಪುಸ್ತಕಗಳನ್ನು. ಅವುಗಳಲ್ಲಿ ದೊಡ್ಡದು ಪರಾಶರ ಸ್ಮೃತಿಯ ಮೇಲಿನ ವ್ಯಾಖ್ಯಾನ. ಅದಕ್ಕೆ ಪರಾಶರ ಮಾಧವೀಯ ಎಂದೇ ಹೆಸರು. ಸ್ನಾನ ಸಂಧ್ಯೆಯಿಂದ ಹಿಡಿದು ಪ್ರಾಯಶ್ಚಿತ್ತದವರೆಗೆ ಯಾರು ಏನು ಮಾಡಬೇಕು ಎಂಬ ವಿಚಾರ ಅದರಲ್ಲಿದೆ. ವ್ಯಾಜ್ಯ, ಆಸ್ತಿ, ನ್ಯಾಯದ ಮಾತು ಮೂಲ ಸ್ಮೃತಿಯಲ್ಲಿ ಇಲ್ಲವೆಂದೇ ಹೇಳಬೇಕು. ರಾಜನು ಧರ್ಮದಿಂದ ಭೂಮಿಯನ್ನು ಪಾಲಿಸಬೇಕು ಎಂಬ ಒಂದೇ ಎಳೆ ಹಿಡಿದು ಮಾಧವರು ವ್ಯವಹಾರ ಕಾಂಡವನ್ನೇ ಸೇರಿಸಿದರು. ಹೊಸ ರಾಜ್ಯಕ್ಕೆ ಅದು ಬೇಕಾಗಿತ್ತು ಎಂಬುದು ಸ್ಪಷ್ಟ.

ನಮ್ಮ ರೈತರು ಗಮನಿಸಬೇಕಾದ ಸಂಗತಿಯೂ ಅಲ್ಲಿದೆ. ಕಲಿಯುಗದಲ್ಲಿ ಬೇಸಾಯ ಎಲ್ಲರಿಗೂ ಸಲ್ಲುತ್ತದೆ, ಬ್ರಾಹ್ಮಣನಿಗೂ ಸಲ್ಲುತ್ತದೆ ಎಂಬುದು ಪರಾಶರರ ಮತ. ಹಸಿದ, ಬಾಯಾರಿದ, ದಣಿದ ಎತ್ತಿಗೆ ನೊಗ ಹೂಡಬಾರದು. ಉಳುವಾಗ ಹುಳ ಹುಪ್ಪಟೆ ಸಾಯುತ್ತವೆ, ಅದೂ ಪಾಪವೇ. ಆ ಪಾಪ ಕಳೆಯುವುದು ಕಣದಲ್ಲಿ ಮಾಡುವ ಯಜ್ಞದಿಂದ, ಅಂದರೆ ಬೆಳೆದದ್ದರಲ್ಲಿ ಪಾಲು ಕೊಡುವುದರಿಂದ. ಆರರಲ್ಲಿ ಒಂದು ಪಾಲು ರಾಜನಿಗೆ, ಇಪ್ಪತ್ತೊಂದರಲ್ಲಿ ಒಂದು ದೇವರಿಗೆ, ಮೂವತ್ತರಲ್ಲಿ ಒಂದು ವಿಪ್ರರಿಗೆ ಎಂದು ಲೆಕ್ಕವೂ ಇದೆ. ರಾಶಿ ಪೂಜೆ ಮಾಡಿ, ಬಂದವರಿಗೆ ಮೊರದಲ್ಲಿ ಕಾಳು ಹಾಕಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಅವರ ಇನ್ನೊಂದು ಕೃತಿ ಜೈಮಿನೀಯ ನ್ಯಾಯಮಾಲೆ. ಯಜ್ಞಯಾಗಗಳ ಅರ್ಥವನ್ನು ವಿಚಾರ ಮಾಡುವ ಶಾಸ್ತ್ರಕ್ಕೆ ಮೀಮಾಂಸೆ ಎಂದು ಹೆಸರು. ಜೈಮಿನಿಯ ಸೂತ್ರಗಳು 12 ಅಧ್ಯಾಯಗಳಷ್ಟಿವೆ. ಕಬ್ಬಿಣದ ಕಡಲೆಯಂಥ ಆ ವಿಚಾರಗಳನ್ನು ಮಾಧವರು ಒಂದೊಂದಾಗಿ ಚಿಕ್ಕ ಶ್ಲೋಕಗಳಲ್ಲಿ ಅಡಕ ಮಾಡಿ, ಗದ್ಯದಲ್ಲಿ ಬಿಡಿಸಿಟ್ಟರು. ಮೀಮಾಂಸಕರ ವಾದ ಇದು: ವೇದ ಹೇಳುವುದೇ ಮಾಡು ಎಂದು. ದಿನನಿತ್ಯದ ಕರ್ಮ ಬಿಡಬಾರದು, ನಿಷಿದ್ಧವಾದದ್ದನ್ನು ಮಾಡಬಾರದು. ಆದಿಶಂಕರರ ಅನುಯಾಯಿಗಳು ಇದಕ್ಕೆ ಒಪ್ಪಿಯೂ ಒಪ್ಪುವುದಿಲ್ಲ. ಕರ್ಮದಿಂದ ಮನಸ್ಸು ಶುದ್ಧವಾಗುತ್ತದೆ, ಅಷ್ಟೇ. ಬಿಡುಗಡೆ ಸಿಗುವುದು ತಾನು ಯಾರೆಂದು ಅರಿತಾಗ ಮಾತ್ರ ಎಂಬುದು ಅವರ ನಿಲುವು.

ವೇದಗಳಿಗೆ ಭಾಷ್ಯ ಬರೆಯಬೇಕು ಎಂದು ಬುಕ್ಕರಾಯ ಕೇಳಿದ್ದು ಮಾಧವರನ್ನೇ. ಅವರು ಆ ಕೆಲಸವನ್ನು ತಮ್ಮ ಸಾಯಣನಿಗೆ ಒಪ್ಪಿಸಿದರು. ಯಜ್ಞಕ್ಕೆ ಆಧಾರ ಯಜುರ್ವೇದ ಎಂದು ಸಾಯಣರು ಮೊದಲು ಅದನ್ನೇ ಕೈಗೆತ್ತಿಕೊಂಡರು. ಬರೆದವರು ಸಾಯಣರಾದರೂ ಭಾಷ್ಯಕ್ಕೆ ಮಾಧವೀಯ ಎಂದು ಅಣ್ಣನ ಹೆಸರು ಉಳಿಯಿತು!

ಇಷ್ಟೆಲ್ಲ ಕರ್ತವ್ಯದ ಬಗ್ಗೆ ಬರೆದವರು ಕೊನೆಗೆ ಕಾವಿ ಉಟ್ಟರು. ಈ ಬಗ್ಗೆ ಒಂದು ಐತಿಹ್ಯವಿದೆ. ಬಡತನ ತಾಳಲಾರದೆ ಮಾಧವರು ಲಕ್ಷ್ಮಿಯನ್ನು ಕುರಿತು ತಪಸ್ಸು ಮಾಡಿದರಂತೆ. ಈ ಜನ್ಮದಲ್ಲಿ ನಿನಗೆ ಸಂಪತ್ತಿಲ್ಲ ಎಂದಳಂತೆ ದೇವಿ. ಸನ್ಯಾಸ ಎಂದರೆ ಮರುಜನ್ಮ. ಅವರು ಸನ್ಯಾಸಿಯಾದ ಮೇಲೆ ದೇವಿ ಚಿನ್ನದ ಮಳೆಯನ್ನೇ ಸುರಿಸಿದಳು. ಆಗ ಅವರಿಗೆ ಆ ಚಿನ್ನ ಬೇಡವಾಗಿತ್ತು, ಅದು ರಾಜ್ಯ ಕಟ್ಟಲು ಹೋಯಿತು ಎನ್ನುತ್ತದೆ ಕಥೆ. ಇತಿಹಾಸಕಾರರು ಇದನ್ನಾಗಲಿ, ಮೊಲದ ಕಥೆಯನ್ನಾಗಲಿ ನೇರವಾಗಿ ಒಪ್ಪುವುದಿಲ್ಲ. 1346 ರಲ್ಲಿ ಹರಿಹರನೂ ತಮ್ಮಂದಿರೂ ಶೃಂಗೇರಿಗೆ ದತ್ತಿ ಬಿಟ್ಟಾಗ ಶಾಸನದಲ್ಲಿ ಬರುವುದು ಭಾರತೀತೀರ್ಥರ ಹೆಸರು. ಭಾರತೀತೀರ್ಥರ ನಂತರ 1380 ರಲ್ಲಿ ವಿದ್ಯಾರಣ್ಯರು ಪೀಠಕ್ಕೆ ಬಂದರು ಎನ್ನುತ್ತದೆ ಮಠದ ಪರಂಪರೆ. 1386 ರಲ್ಲಿ ಅವರು ದೇಹ ಬಿಟ್ಟರು. ಎರಡನೇ ಹರಿಹರರಾಯ ಅವರ ನೆನಪಿಗೆ ಶೃಂಗೇರಿಯ ಬಳಿ ವಿದ್ಯಾರಣ್ಯಪುರ ಎಂಬ ಅಗ್ರಹಾರ ಮಾಡಿಸಿದ. ಹಂಪಿಯ ವಿರೂಪಾಕ್ಷನ ಗುಡಿಯ ಬಳಿಯೂ ಅವರ ಹೆಸರಿನ ಮಠವಿದೆ.

ಯತಿಯಾಗಿ ಬರೆದ ಜೀವನ್ಮುಕ್ತಿವಿವೇಕದಲ್ಲಿ ಅವರ ಉತ್ತರ ಸಿಗುತ್ತದೆ. ಮುಕ್ತಿ ಸತ್ತ ಮೇಲಿನ ಮಾತಲ್ಲ, ಬದುಕಿರುವಾಗಲೇ ಆಗಬೇಕಾದದ್ದು. ಅರಿವು ಬಂದರೂ ಹಳೆಯ ಆಸೆ, ಸಿಟ್ಟಿನ ವಾಸನೆ ಹೋಗುವುದಿಲ್ಲ, ಅದನ್ನು ತಿದ್ದಿ ತಿದ್ದಿ ಕಳೆಯಬೇಕು. ಸನ್ಯಾಸದಲ್ಲೂ ಎರಡು ಬಗೆ, ಅರಿವನ್ನು ಹುಡುಕಿ ಬಿಡುವುದು ಒಂದು, ಅರಿತ ಮೇಲೆ ಬಿಡುವುದು ಇನ್ನೊಂದು. ಇನ್ನು ಮನೆ ಬಿಡಲು ಆಗದ ಗೃಹಸ್ಥನ ಗತಿಯೇನು? ತನ್ನ ಆಶ್ರಮದ ಕರ್ತವ್ಯ ಮಾಡುತ್ತಲೇ ಅವನು ಮನಸ್ಸಿನಲ್ಲಿ ತ್ಯಾಗ ಮಾಡಬಹುದು, ಅಡ್ಡಿಯಿಲ್ಲ ಎನ್ನುತ್ತಾರೆ. ಹೆಂಗಸರಿಗೂ ಈ ತ್ಯಾಗದ ಅಧಿಕಾರವಿದೆ ಎಂದು ಹೇಳಿ ಮೈತ್ರೇಯಿ, ಸುಲಭೆಯರನ್ನು ನೆನೆಯುತ್ತಾರೆ. 14 ನೇ ಶತಮಾನದಲ್ಲಿ ಇದು ಸಣ್ಣ ಮಾತಲ್ಲ.

ಹಾಗೆಂದು ಎಲ್ಲವೂ ಒಪ್ಪುವಂಥದ್ದೇ ಎನ್ನಲಾಗದು. ಪರಾಶರ ಮಾಧವೀಯ ಕರ್ತವ್ಯವನ್ನು ಹುಟ್ಟಿನ ಜಾತಿ ನೋಡಿ ಹಂಚುತ್ತದೆ. ಅದಕ್ಕೂ ಇನ್ನೂರು ವರ್ಷ ಮೊದಲು ಇದೇ ಕನ್ನಡ ನಾಡಿನಲ್ಲಿ ಬಸವಣ್ಣನವರು ಯಜ್ಞವನ್ನೂ ಜಾತಿಯನ್ನೂ ಬದಿಗಿಟ್ಟು ಕಾಯಕದಲ್ಲೇ ದಾರಿ ತೋರಿದ್ದರು. ವಿದ್ಯಾರಣ್ಯರ ಪುಸ್ತಕಗಳು ಸಂಸ್ಕೃತದಲ್ಲೇ ಉಳಿದವು, ಉಳುವವನ ಕೈಗೆ ಸಿಗಲಿಲ್ಲ.

ಆದರೂ ಅವರದೊಂದು ಹೋಲಿಕೆ ನಮ್ಮ ಗಡಿ ಊರುಗಳಿಗೆಂದೇ ಹೇಳಿದಂತಿದೆ. 15 ಪ್ರಕರಣಗಳ ಪಂಚದಶಿ ಅವರ ಹೆಸರಿನ ವೇದಾಂತ ಗ್ರಂಥ. ಅದರಲ್ಲಿ ಗುರು ಭಾರತೀತೀರ್ಥರ ಕೈಯೂ ಇದೆ ಎನ್ನುತ್ತಾರೆ. ಅರಿತವನು ಲೋಕದ ಸುಖವನ್ನೂ ಬ್ರಹ್ಮಾನಂದವನ್ನೂ ಬಲ್ಲ, ಎರಡು ಭಾಷೆ ಬಲ್ಲವನು ಎರಡನ್ನೂ ತಿಳಿದಂತೆ ಎನ್ನುತ್ತದೆ ಆ ಗ್ರಂಥ. ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು ಆಡುವ ಅಮರಾಪುರ, ರೊಳ್ಳ, ಅಗಳಿಯ ಜನರಿಗೆ ಇದು ದಿನದ ಅನುಭವ. ಒಂದು ಭಾಷೆ ಆಡಲು ಇನ್ನೊಂದನ್ನು ಮರೆಯಬೇಕಿಲ್ಲ. ಹಾಗೆಯೇ ಮುಕ್ತಿಯ ಹಂಬಲ ಇರುವವನು ಎತ್ತಿಗೆ ನೀರು ಕುಡಿಸುವುದನ್ನು ಮರೆಯಬೇಕಿಲ್ಲ.