ಇನ್‌ಬಾಕ್ಸ್‌ಗೆ ಬಂದ ಇಮೇಲ್ ಎಲ್ಲವೂ ಸುರಕ್ಷಿತವೇ? ಥಾಮಸ್ ಬೇಯ್ಸ್ ಬದುಕು ಹೇಳುವುದೇನು?

ಮೋಸದ ಇಮೇಲ್ ಆಗಿದ್ದರೆ ಸ್ಪ್ಯಾಮ್ ಫೋಲ್ಡರ್‌ಗೆ ಹೋಗುತ್ತಿತ್ತು, ಇನ್‌ಬಾಕ್ಸ್‌ಗೆ ಬಂದಿದ್ದರೆ ನಂಬಬಹುದು ಎಂದುಕೊಂಡವರು ಹಲವರು. ಜೇವರ್ಗಿ ತಾಲ್ಲೂಕಿನ ಇಜೇರಿಯಲ್ಲಿ ಬೆಳೆ ವಿಮೆಯ ಹೆಸರಿನ ಇಮೇಲ್ ತೆರೆಯುವ ತೊಗರಿ ಬೆಳೆಗಾರರಿಗೂ ಈ ನಂಬಿಕೆ ದುಬಾರಿಯಾಗಬಹುದು. ಏಕೆ ಎಂದು ತಿಳಿಯಲು ನಾವು 18ನೇ ಶತಮಾನದ ಇಂಗ್ಲೆಂಡಿನ ಒಬ್ಬ ಪಾದ್ರಿಯ ಬದುಕನ್ನು ನೋಡೋಣ.

ಯಾರು ಈ ಬೇಯ್ಸ್?

ಥಾಮಸ್ ಬೇಯ್ಸ್ ಹುಟ್ಟಿದ್ದು 1701ರ ಸುಮಾರಿಗೆ. ತಂದೆಯೂ ಪಾದ್ರಿ. ಅವರ ಕುಟುಂಬ ಇಂಗ್ಲೆಂಡಿನ ಅಧಿಕೃತ ಚರ್ಚ್‌ಗೆ ಸೇರಿರಲಿಲ್ಲ. ಅಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಪದವಿ ಸಿಗುತ್ತಿರಲಿಲ್ಲ. ಹಾಗಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದಿದರು. ಮುಂದೆ ಟನ್‌ಬ್ರಿಜ್ ವೆಲ್ಸ್ ಪಟ್ಟಣದಲ್ಲಿ ಪಾದ್ರಿಯಾಗಿದ್ದುಕೊಂಡೇ ಗಣಿತದಲ್ಲಿ ತೊಡಗಿದರು. 1742ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ಕಾಣದ ಸಂಗತಿಯನ್ನು ಕಂಡ ಸುಳಿವುಗಳಿಂದ ಅಂದಾಜಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಮೇಜಿನ ಮೇಲೆ ಒಂದು ಚೆಂಡು ಎಲ್ಲೋ ನಿಂತಿದೆ, ನಮಗೆ ಕಾಣುತ್ತಿಲ್ಲ. ನಂತರ ಎಸೆದ ಪ್ರತಿ ಚೆಂಡು ಅದರ ಎಡಕ್ಕೆ ಬಿತ್ತೋ ಬಲಕ್ಕೋ ಎಂದಷ್ಟೇ ತಿಳಿದರೂ ಅದರ ಜಾಗದ ಅಂದಾಜು ನಿಖರವಾಗುತ್ತಾ ಹೋಗುತ್ತದೆ. ಹೊಸ ಸುಳಿವು ಸಿಕ್ಕಂತೆ ಹಳೆಯ ಅಂದಾಜನ್ನು ತಿದ್ದಿಕೊಳ್ಳಬೇಕು ಎಂಬುದು ಇದರ ಸಾರ.

1761ರ ಏಪ್ರಿಲ್ 7ರಂದು ಬೇಯ್ಸ್ ತೀರಿಕೊಂಡಾಗ ಈ ಬರಹ ಪ್ರಕಟವಾಗಿರಲಿಲ್ಲ. ಗೆಳೆಯ ರಿಚರ್ಡ್ ಪ್ರೈಸ್ ಅದನ್ನು ಸಿದ್ಧಪಡಿಸಿ 1763ರಲ್ಲಿ ರಾಯಲ್ ಸೊಸೈಟಿಗೆ ಕಳುಹಿಸಿದರು.

ಸ್ಪ್ಯಾಮ್‌ಗೂ ಇದಕ್ಕೂ ಏನು ಸಂಬಂಧ?

1998ರಲ್ಲಿ ಸಂಶೋಧಕರು ಬೇಯ್ಸ್ ಸೂತ್ರದಿಂದ ಸ್ಪ್ಯಾಮ್ ಸೋಸುವ ವಿಧಾನವನ್ನು ಪ್ರಕಟಿಸಿದರು. ಉದಾಹರಣೆಗೆ, ಬಹುಮಾನ ಎಂಬ ಪದ 20 ಸ್ಪ್ಯಾಮ್‌ಗಳಲ್ಲಿ, 2 ಒಳ್ಳೆಯ ಇಮೇಲ್‌ಗಳಲ್ಲಿ ಇತ್ತು ಎಂದುಕೊಳ್ಳಿ. ಆ ಪದವಿರುವ ಮುಂದಿನ ಇಮೇಲ್ ಸ್ಪ್ಯಾಮ್ ಆಗಿರುವ ಸಾಧ್ಯತೆ 22ರಲ್ಲಿ 20, ಅಂದರೆ ಸುಮಾರು ಶೇ 91.

ಇದನ್ನರಿತ ಮೋಸಗಾರರು ಪದಗಳ ಅಕ್ಷರ ಬದಲಿಸಿದರು, ನಡುವೆ ಸಾಮಾನ್ಯ ಮಾತುಗಳನ್ನು ತುಂಬಿದರು, ಬರಹವನ್ನೇ ಚಿತ್ರವಾಗಿಸಿ ಕಳುಹಿಸಿದರು. ಹಳೆಯ ಲೆಕ್ಕಕ್ಕೆ ಅವು ಸಿಗಲಿಲ್ಲ. ಈಗಿನ ಫಿಲ್ಟರ್‌ಗಳು ಕಳುಹಿಸಿದವರ ವಿಳಾಸ, ಲಿಂಕ್ ಮುಂತಾದವನ್ನೂ ನೋಡುತ್ತವೆ. ಆದರೂ ಹೊಸ ತಂತ್ರ ಮೊದಲು ಬರುತ್ತದೆ, ಫಿಲ್ಟರ್ ಆಮೇಲೆ ಕಲಿಯುತ್ತದೆ. ಆ ನಡುವಿನ ಸಮಯದಲ್ಲಿ ಮೋಸದ ಇಮೇಲ್ ನಿಮ್ಮ ಇನ್‌ಬಾಕ್ಸ್‌ನಲ್ಲೇ ಇರುತ್ತದೆ.

ನೀವೇನು ಮಾಡಬೇಕು?

ಅನುಮಾನ ಬಂದರೆ ಲಿಂಕ್ ಒತ್ತಬೇಡಿ, ಒಟಿಪಿ ಕೊಡಬೇಡಿ. ಸುಮ್ಮನೆ ಅಳಿಸುವ ಬದಲು ಸ್ಪ್ಯಾಮ್ ಎಂದು ಗುರುತಿಸಿ. ಫಿಲ್ಟರ್‌ಗೆ ಅದೇ ಹೊಸ ಸುಳಿವು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್‌ಬಾಕ್ಸ್‌ಗೆ ಬಂದದ್ದೆಲ್ಲ ಸುರಕ್ಷಿತ ಎಂಬುದು ತಪ್ಪು. ಫಿಲ್ಟರ್ ಹೇಳುವುದು ಅಂದಾಜು ಮಾತ್ರ.