ರಝಿಯಾ ಸುಲ್ತಾನ್: ಚರಿತ್ರೆಯಲ್ಲಿ ಮತ್ತು ತೆರೆಯ ಮೇಲೆ

ಸಹೋದರಿಯರೇ, ರಝಿಯಾ ಸುಲ್ತಾನ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಯಾರು? ಹಲವರಿಗೆ, 1983ರಲ್ಲಿ ಕಮಾಲ್ ಅಮ್ರೋಹಿ ತೆಗೆದ ಹಿಂದಿ ಚಿತ್ರದ ನಾಯಕಿ, ಯಾಕೂತ್ ಎಂಬ ಹಬ್ಶಿ ಗುಲಾಮನ ಪ್ರೇಯಸಿ.

ಚರಿತ್ರೆಯ ರಝಿಯಾ ಬೇರೆಯೇ. ಗಂಡುಮಕ್ಕಳಿದ್ದರೂ ದಿಲ್ಲಿಯ ಸುಲ್ತಾನ ಇಲ್ತುತ್‌ಮಿಶ್ ಉತ್ತರಾಧಿಕಾರಿಯಾಗಿ ಆರಿಸಿದ್ದು ಈ ಮಗಳನ್ನು. 1236ರಲ್ಲಿ ಅವರು ಪಟ್ಟವೇರಿದಾಗ ದಿಲ್ಲಿಯ ಜನ ಬೆಂಬಲಕ್ಕೆ ನಿಂತರು. ಸುಮಾರು ಮೂರೂವರೆ ವರ್ಷ ಅವರು ದರ್ಬಾರು ನಡೆಸಿದರು, ದಂಡಿನೊಂದಿಗೆ ಹೊರಟರು.

ಅದೇ ಕಾಲದ ಚರಿತ್ರೆಕಾರ ಮಿನ್ಹಾಜ್ ಅವರ ನ್ಯಾಯಪರತೆಯನ್ನೂ ಪ್ರಜಾಪಾಲನೆಯನ್ನೂ ಹೊಗಳುತ್ತಾರೆ. ಯಾಕೂತನಿಗೆ ಕುದುರೆಲಾಯದ ಅಧಿಕಾರ ಸಿಕ್ಕಿದ್ದು ತುರ್ಕಿ ಸರದಾರರಿಗೆ ಸಹಿಸಲಾಗಲಿಲ್ಲ ಎನ್ನುತ್ತಾರೆಯೇ ಹೊರತು, ಪ್ರೇಮದ ಮಾತೆತ್ತುವುದಿಲ್ಲ. ಶಂಕೆಯನ್ನು ಬರೆದಿಟ್ಟವರು ಶತಮಾನದ ಬಳಿಕ ಬಂದವರು. 1240ರಲ್ಲಿ ಸರದಾರರು ದಂಗೆಯೆದ್ದು ಯಾಕೂತನನ್ನು ಕೊಂದರು. ಅದೇ ವರ್ಷ ರಝಿಯಾ ಕೈಥಲ್ ಬಳಿ ಹತರಾದರು.

ಶೀಲವತಿಯ ಮೇಲೆ ಆರೋಪ ಹೊರಿಸುವವನು ನಾಲ್ವರು ಸಾಕ್ಷಿಗಳನ್ನು ತರಬೇಕೆಂದು ಕುರ್‌ಆನ್ ಆಜ್ಞಾಪಿಸುತ್ತದೆ. ಇಲ್ಲಿ ಕಣ್ಣಾರೆ ಕಂಡ ಒಬ್ಬ ಸಾಕ್ಷಿಯೂ ಇಲ್ಲ. ಟಿ.ವಿ.ಯಲ್ಲಿ ಆ ಚಿತ್ರ ನೋಡಿ ನಿಮ್ಮ ಮಗಳು ಕೇಳಿದರೆ, ಅವರು ಯಾರನ್ನು ಪ್ರೀತಿಸಿದರೆಂಬ ಕಥೆಯನ್ನು ಬಿಡಿ. ಹೇಗೆ ಆಳಿದರೆಂಬುದನ್ನು ಹೇಳಿಕೊಡಿ.